ಕ್ರೋಮ್ ನೆಟ್‌ವರ್ಕ್ ಟ್ಯಾಬ್ ರಿವ್ಯೂ: ಸ್ಕ್ರಿಪ್ಟ್ ಲೋಡ್ ಆಗ್ತಿಲ್ಲ ಅಂದ್ರೆ ಮೊದ್ಲು ಇದನ್ನ ತೆಗೀರಿ

ದುಡ್ಡು ಕೊಟ್ಟು ತಗೊಂಡಿದ್ದಕ್ಕೆಲ್ಲ ರಿವ್ಯೂ ಬರೀತೀವಿ, ಇಯರ್‌ಫೋನಿಂದ ಹಿಡಿದು ಮಿಕ್ಸಿ ಜಾರ್‌ವರೆಗೂ. ಫ್ರಂಟ್‌ಎಂಡ್ ಕೆಲಸ ಮಾಡೋರ ಮುಂದೆ ದಿನಪೂರ್ತಿ ತೆರೆದೇ ಇರೋ ಕ್ರೋಮ್ ಡೆವ್‌ಟೂಲ್ಸ್‌ನ ನೆಟ್‌ವರ್ಕ್ ಟ್ಯಾಬ್ (ಪೇಜು ತರಿಸೋ ಒಂದೊಂದು ಫೈಲನ್ನೂ ಸಾಲಾಗಿ ತೋರಿಸೋ ಜಾಗ) ಬಗ್ಗೆ ಮಾತ್ರ ಕನ್ನಡದಲ್ಲಿ ಒಂದು ನೆಟ್ಟಗಿರೋ ರಿವ್ಯೂ ನನ್ ಕಣ್ಣಿಗೆ ಬಿದ್ದಿಲ್ಲ. ಬಿಟ್ಟಿ ಬಂದಿದೆ ಅಲ್ವಾ, ಅದಕ್ಕೇ ಅಷ್ಟು ಸಸಾರ. ಪರ್ಫಾರ್ಮೆನ್ಸು, ಎಪಿಐ ಟೆಸ್ಟಿಂಗು ಅದೆಲ್ಲ ಇಲ್ಲಿ ಬೇಡ, ಒಂದೇ ಕೆಲಸಕ್ಕೆ ಇದು ಎಷ್ಟು ಬರತ್ತೆ ಅಂತ ಹೇಳ್ತೀನಿ: ಲೈಬ್ರರಿ ಲೋಡ್ ಆಗ್ತಿಲ್ಲ, ಇಮೇಜ್ ಬರ್ತಿಲ್ಲ, ಫಾಂಟ್ ಕಾಣ್ತಿಲ್ಲ, ಬಿಲ್ಡ್ ಮಾಡಿ ಹಾಕಿದ ಮೇಲೆ ಬಿಳಿ ಸ್ಕ್ರೀನು. ಮೊದ್ಲೇ ಮಾರ್ಕ್ಸ್ ಹೇಳ್ಬಿಡ್ತೀನಿ, ಐದಕ್ಕೆ ನಾಲ್ಕು.

ಸಮಸ್ಯೆ ಏನಪ್ಪ ಅಂದ್ರೆ ನಾವೆಲ್ಲ ಕೆಂಪು ಅಕ್ಷರ ಕಂಡ ತಕ್ಷಣ ಕನ್ಸೋಲಲ್ಲಿ (ಬ್ರೌಸರ್ ಎರರ್ ಬರೆಯೋ ಇನ್ನೊಂದು ಟ್ಯಾಬು) ಬಂದಿರೋ ಲೈನನ್ನ ಕಾಪಿ ಮಾಡಿ ಗೂಗಲ್‌ಗೋ ಎಐಗೋ ಹಾಕ್ತೀವಿ. ಲೋಡಿಂಗ್ ಎರರ್ ವಿಷಯದಲ್ಲಿ ಕನ್ಸೋಲು ತುಂಬಾ ಸಲ ರೋಗ ಹೇಳಲ್ಲ, ಬರೀ ನರಳಾಟ ಕೇಳಿಸತ್ತೆ. ಎಲ್ರಿಗೂ ಗೊತ್ತಿರೋ ಉದಾಹರಣೆ, 'ಅನ್‌ಎಕ್ಸ್‌ಪೆಕ್ಟೆಡ್ ಟೋಕನ್' ಅಂತ ಹೇಳಿ ಪಕ್ಕದಲ್ಲಿ ಒಂದು '<' ಚಿಹ್ನೆ ತೋರಿಸೋದು. ಓದಿದ್ರೆ ಕೋಡಲ್ಲೇ ಸಿಂಟ್ಯಾಕ್ಸ್ ತಪ್ಪಿದೆ ಅನ್ಸತ್ತೆ, ಜನ ಹೋಗಿ ಬೇಬೆಲ್ ಕಾನ್ಫಿಗ್ ತಿದ್ತಾರೆ, ನೋಡ್ ಮಾಡ್ಯೂಲ್ಸ್ ಫೋಲ್ಡರ್ ಡಿಲೀಟ್ ಮಾಡಿ ಮತ್ತೆ ಇನ್‌ಸ್ಟಾಲ್ ಮಾಡ್ತಾರೆ, ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅನ್ನೋ ಹಾಗೆ. ನೆಟ್‌ವರ್ಕ್ ಟ್ಯಾಬ್ ತೆಗೆದು ಆ ಜೆಎಸ್ ಫೈಲಿನ ಸಾಲು ಕ್ಲಿಕ್ ಮಾಡಿ ನೋಡಿ. ಸ್ಟೇಟಸ್ಸು 200, ಎಲ್ಲ ಸರಿ ಇದ್ದಂಗೇ ಇದೆ. ಈಗ ರೆಸ್ಪಾನ್ಸ್ ಅಂತ ಇರೋದನ್ನ ಒತ್ತಿ. ಜಾವಾಸ್ಕ್ರಿಪ್ಟ್ ಇರಬೇಕಾದ ಜಾಗದಲ್ಲಿ ನಿಮ್ಮದೇ ಇಂಡೆಕ್ಸ್ ಪೇಜಿನ ಎಚ್‌ಟಿಎಂಎಲ್ ಕೂತಿರತ್ತೆ, ಮೊದಲ ಅಕ್ಷರವೇ ಆ '<'. ಹೆಡರ್ಸಲ್ಲಿ ಕಂಟೆಂಟ್ ಟೈಪು ಟೆಕ್ಸ್ಟ್ ಎಚ್‌ಟಿಎಂಎಲ್ ಅಂತಾನೇ ಇರತ್ತೆ. ಅಂದ್ರೆ ಫೈಲು ಆ ಅಡ್ರೆಸ್ಸಲ್ಲಿ ಇಲ್ಲವೇ ಇಲ್ಲ, ಸರ್ವರು ನೇರವಾಗಿ 404 (ಫೈಲ್ ಸಿಗಲಿಲ್ಲ) ಅನ್ನೋ ಬದಲು ಇಂಡೆಕ್ಸ್ ಫೈಲು ಕೊಟ್ಟು ಕೈ ತೊಳ್ಕೊಂಡಿದೆ.

ಯಾಕೆ ಹಿಂಗೆ ಮಾಡತ್ತೆ ಅಂದ್ರೆ ನಾವೇ ಹಾಗೆ ಹೇಳಿರ್ತೀವಿ. ಸಿಂಗಲ್ ಪೇಜ್ ಆ್ಯಪಲ್ಲಿ (ಒಂದೇ ಎಚ್‌ಟಿಎಂಎಲ್ ಪೇಜಿನ ಮೇಲೆ ಓಡೋ ಸೈಟು) ರಿಫ್ರೆಶ್ ಮಾಡಿದ್ರೆ ರೌಟ್ ಮುರೀಬಾರ್ದು ಅಂತ ಎನ್‌ಜಿನ್‌ಎಕ್ಸ್ ಅನ್ನೋ ವೆಬ್ ಸರ್ವರಲ್ಲಿ ಟ್ರೈ ಫೈಲ್ಸ್ ಲೈನ್ ಹಾಕಿ, ಏನೂ ಸಿಗದಿದ್ರೆ ಇಂಡೆಕ್ಸ್ ಕೊಡು ಅಂತೀವಿ, ಅದು ಪೇಜಿಗೆ ಸರಿ, ಆದ್ರೆ ಸ್ಕ್ರಿಪ್ಟು, ಸ್ಟೈಲ್‌ಶೀಟು ಇರೋ ಅಸೆಟ್ಸ್ ಫೋಲ್ಡರಿಗೂ ಅದೇ ರೂಲ್ ಬಿದ್ದಿರತ್ತೆ. ಅಸೆಟ್ಸಿಗೆ ಬೇರೆ ಲೊಕೇಶನ್ ಬ್ಲಾಕ್ ಹಾಕಿ ಸಿಗದಿದ್ರೆ 404 ಕೊಡು ಅಂತ ಬರೆದ್ರೆ ಮುಗೀತು, ಕೊನೆಪಕ್ಷ ಎರರ್ ಆದ್ರೂ ನಿಜ ಹೇಳತ್ತೆ. ಈ ಟ್ಯಾಬಲ್ಲಿ ನನಗೆ ತುಂಬಾ ಇಷ್ಟ ಆಗಿರೋದು ಫಿಲ್ಟರ್ ಬಾಕ್ಸು, ಅಲ್ಲಿ ಮೈಮ್ ಟೈಪ್ ಅಂತ ಹೊಡೆದು ಕೋಲನ್ ಹಾಕಿ ಟೆಕ್ಸ್ಟ್ ಎಚ್‌ಟಿಎಂಎಲ್ ಅಂತ ಕೊಡಿ (mime-type:text/html). ನ್ಯಾಯವಾಗಿ ಪೇಜ್ ಒಂದೇ ಸಾಲು ಬರಬೇಕು. ಎಚ್‌ಟಿಎಂಎಲ್ ವೇಷದಲ್ಲಿ ಬಂದಿರೋ ಸ್ಕ್ರಿಪ್ಟು, ಸ್ಟೈಲ್‌ಶೀಟು ಎಲ್ಲ ಒಟ್ಟಿಗೆ ಸಿಕ್ಕಿ ಬೀಳ್ತವೆ. ಇದೇ ಥರ ಸ್ಟೇಟಸ್ ಕೋಡ್ 404 ಅಂತ ಫಿಲ್ಟರ್ ಹಾಕ್ಬೋದು, ಡೊಮೇನ್ ಹಾಕ್ಬೋದು, ಮುಂದೆ ಮೈನಸ್ ಹಾಕಿ ಉಲ್ಟಾನೂ ಮಾಡ್ಬೋದು. ಈ ಬಾಕ್ಸು ಬರೀ ಫೈಲ್ ಹೆಸರು ಹುಡುಕೋಕೆ ಅಂದ್ಕೊಂಡಿರೋರೇ ಜಾಸ್ತಿ.

ಇನ್ನು ಬೇಸ್ ಪಾತ್, ಅಂದ್ರೆ ಡೊಮೇನ್ ಆದ್ಮೇಲೆ ಸೈಟು ಶುರುವಾಗೋ ದಾರಿ, ಅದರ ಗೋಳು. ಲೋಕಲಲ್ಲಿ ವೀಟ್ (ಬಿಲ್ಡ್ ಮಾಡೋ ಟೂಲು) 5173ನೇ ಪೋರ್ಟಲ್ಲಿ ಚೆನ್ನಾಗಿ ಓಡ್ತಿರತ್ತೆ, ಗಿಟ್‌ಹಬ್ ಪೇಜಸ್‌ಗೆ ಹಾಕಿದ ತಕ್ಷಣ ಬಿಳಿ ಹಾಳೆ. ಇಲ್ಲಿ ಹೆಡರ್ಸಲ್ಲಿರೋ ರಿಕ್ವೆಸ್ಟ್ ಯುಆರ್‌ಎಲ್ ಒಂದೇ ಸಾಕು, ಪೂರ್ತಿ ಅಡ್ರೆಸ್ ಓದಿ: ಡೊಮೇನ್ ಆದ್ಮೇಲೆ ರೆಪೊ ಹೆಸರು ಇರಬೇಕಿತ್ತು, ಇಲ್ಲ, ನೇರವಾಗಿ ಸ್ಲ್ಯಾಶ್ ಅಸೆಟ್ಸ್ ಅಂತ ಹೋಗಿದೆ. ವೀಟ್ ಕಾನ್ಫಿಗಲ್ಲಿ ಬೇಸ್ ಅಂತ ಒಂದು ಲೈನು, ವೆಬ್‌ಪ್ಯಾಕಾದ್ರೆ ಪಬ್ಲಿಕ್ ಪಾತ್, ಹಳೇ ಕ್ರಿಯೇಟ್ ರಿಯಾಕ್ಟ್ ಆ್ಯಪ್ ಆದ್ರೆ ಪ್ಯಾಕೇಜ್ ಜೇಸನ್‌ನಲ್ಲಿ ಹೋಮ್‌ಪೇಜ್ (ಅದನ್ನ 2025ರ ಫೆಬ್ರವರಿಯಲ್ಲಿ ರಿಯಾಕ್ಟ್ ಟೀಮ್‌ನವರೇ ಡೆಪ್ರಿಕೇಟ್ ಮಾಡಿದ್ರು, ಆದ್ರೂ ಎಷ್ಟೋ ಆಫೀಸಲ್ಲಿ ಇನ್ನೂ ಅದೇ ಓಡ್ತಿದೆ). ಅಡ್ರೆಸ್ ಸರಿ ಇದ್ದೂ 404 ಬಂತಾ, ಫೈಲ್ ಅಥವಾ ಫೋಲ್ಡರ್ ಹೆಸರು ಅಂಡರ್‌ಸ್ಕೋರಿಂದ ಶುರುವಾಗತ್ತಾ ನೋಡಿ. ಗಿಟ್‌ಹಬ್ ಪೇಜಸ್ ಹಿಂದೆ ಜೆಕಿಲ್ ಅನ್ನೋ ಸೈಟ್ ಕಟ್ಟೋ ಟೂಲು ಕೂತಿದೆ, ಅಂಡರ್‌ಸ್ಕೋರ್ ಇರೋದನ್ನೆಲ್ಲ ಅದು ಎತ್ತಿ ಪಕ್ಕಕ್ಕಿಡತ್ತೆ, ಡಾಟ್ ನೋಜೆಕಿಲ್ ಅಂತ ಒಂದು ಖಾಲಿ ಫೈಲ್ ಹಾಕಿದ್ರೆ ಸುಮ್ನಾಗತ್ತೆ. ಹೆಸರಲ್ಲಿ ಕ್ಯಾಪಿಟಲ್ ಅಕ್ಷರದ ವ್ಯತ್ಯಾಸ ಅಂತೂ ಹೇಳೋದೇ ಬೇಡ, ವಿಂಡೋಸು ಮ್ಯಾಕು ಸುಮ್ನೆ ಬಿಡ್ತವೆ, ಲಿನಕ್ಸ್ ಸರ್ವರ್ ಬಿಡಲ್ಲ.

ಸಿಡಿಎನ್‌ಗೆ, ಅಂದ್ರೆ ಲೈಬ್ರರಿ ಫೈಲುಗಳನ್ನ ಬೇರೆಯವರ ಸರ್ವರಿಂದ ತರಿಸೋದಕ್ಕೆ, ಬರೋಣ. ಹಳೇ ಟ್ಯುಟೋರಿಯಲ್ ನೋಡ್ಕೊಂಡು ಅನ್‌ಪ್ಯಾಕೇಜ್ (unpkg) ಅನ್ನೋ ಸಿಡಿಎನ್‌ನಿಂದ ರಿಯಾಕ್ಟನ್ನ ಸ್ಕ್ರಿಪ್ಟ್ ಟ್ಯಾಗಲ್ಲಿ ಹಾಕಿರ್ತಾರೆ, ವರ್ಷನ್ ನಂಬರ್ ಕೊಟ್ಟಿರಲ್ಲ. ವರ್ಷಗಟ್ಟಲೆ ಓಡ್ತಿದ್ದ ಪೇಜು ಒಂದಿನ ಇದ್ದಕ್ಕಿದ್ದಂಗೆ 'ರಿಯಾಕ್ಟ್ ಈಸ್ ನಾಟ್ ಡಿಫೈನ್ಡ್' ಅನ್ನತ್ತೆ, ಕೋಡಿಗೆ ಯಾರೂ ಕೈ ಹಾಕಿಲ್ಲ. ನೆಟ್‌ವರ್ಕಲ್ಲಿ ನೋಡಿದ್ರೆ ಒಂದೇ ಹೆಸರಲ್ಲಿ ಎರಡು ಸಾಲು, ಮೊದಲನೇದು 302 (ಬೇರೆ ಅಡ್ರೆಸ್ಸಿಗೆ ಹೋಗು), ಎರಡನೇದು 404. ಮೊದಲನೇದರ ಹೆಡರ್ಸಲ್ಲಿ ಲೊಕೇಶನ್ ಓದಿದ್ರೆ 19ನೇ ವರ್ಷನ್‌ಗೆ ಕಳಿಸಿರೋದು ಕಾಣತ್ತೆ. ವರ್ಷನ್ ಹೇಳದಿದ್ರೆ ಲೇಟೆಸ್ಟ್‌ಗೆ ಕಳಿಸತ್ತೆ, ಆದ್ರೆ 2024ರ ಡಿಸೆಂಬರಲ್ಲಿ ಬಂದ ರಿಯಾಕ್ಟ್ 19ರಿಂದ ನೇರವಾಗಿ ಸ್ಕ್ರಿಪ್ಟ್ ಟ್ಯಾಗಲ್ಲಿ ಹಾಕೋ ಆ ಯುಎಂಡಿ ಫೈಲುಗಳನ್ನೇ ತೆಗೆದುಹಾಕಿದ್ದಾರೆ, ಇನ್ನೆಲ್ಲಿಂದ ಬರಬೇಕು. 18 ಅಂತ ಪಿನ್ ಮಾಡಿದ್ರೆ ಪೇಜ್ ಎದ್ದು ಕೂರತ್ತೆ. ಆ ಎರಡು ಸಾಲಿನ ಕಥೆ ಕನ್ಸೋಲಲ್ಲಿ ಇಷ್ಟು ಬಿಡಿಸಿ ಸಿಗಲ್ಲ, ನಾನು ಈ ಟ್ಯಾಬಿಗೆ ಮಾರ್ಕ್ಸ್ ಕೊಡೋದು ಇಂಥದ್ದಕ್ಕೆ.

ವರ್ಷನ್ ಪಿನ್ ಮಾಡಿ ಅಂದ್ರೆ ಕೆಲವರು ವಾದಕ್ಕೆ ಬರ್ತಾರೆ. 2024ರ ಜೂನಲ್ಲಿ ಬಯಲಾದ ಪಾಲಿಫಿಲ್ ಡಾಟ್ ಐಒ (ಹಳೇ ಬ್ರೌಸರಿಗೆ ಬೇಕಾದ ಸ್ಕ್ರಿಪ್ಟ್ ಕೊಡ್ತಿದ್ದ ಸೈಟು) ಕಥೆ ನೆನಪಿಸಿಕೊಳ್ಳಿ, ಡೊಮೇನ್ ಕೈ ಬದಲಾಯ್ತು, ಅದೇ ಅಡ್ರೆಸ್ಸಿಂದ ಮಾಲ್‌ವೇರ್ ಬರೋಕೆ ಶುರುವಾಯ್ತು, ಒಂದು ಲಕ್ಷಕ್ಕೂ ಹೆಚ್ಚು ಸೈಟುಗಳು ಅದನ್ನ ಎಳ್ಕೊಂಡು ಕೂತಿದ್ವು. ವರ್ಷನ್ ಜೊತೆ ಇಂಟೆಗ್ರಿಟಿ ಹ್ಯಾಶೂ (ಫೈಲು ಬದಲಾಗಿಲ್ಲ ಅಂತ ತಾಳೆ ನೋಡೋ ಗುರುತು) ಹಾಕಿ. ಆದ್ರೆ ಇಲ್ಲೊಂದು ಮಾತು, ಹ್ಯಾಶ್ ಮ್ಯಾಚ್ ಆಗದೆ ಬ್ರೌಸರ್ ಸ್ಕ್ರಿಪ್ಟನ್ನ ತಡೆದಾಗ ಕಾರಣವನ್ನ ಬಾಯಿಬಿಟ್ಟು ಹೇಳೋದು ಕನ್ಸೋಲೇ, ನೆಟ್‌ವರ್ಕ್ ಟ್ಯಾಬ್ ಅಲ್ಲ. ಇನ್ನು 'ಪಬ್ಲಿಕ್ ಸಿಡಿಎನ್ ಬಳಸಿದ್ರೆ ಬೇರೆ ಸೈಟಲ್ಲಿ ಕ್ಯಾಶ್ ಆಗಿದ್ದೇ (ಬ್ರೌಸರ್ ಎತ್ತಿಟ್ಕೊಂಡಿರೋ ಕಾಪಿನೇ) ನಮಗೂ ಸಿಗತ್ತೆ' ಅನ್ನೋದನ್ನ ಮರೆತುಬಿಡಿ, ಕ್ರೋಮ್ 86ರಿಂದ, ಅಂದ್ರೆ 2020ರಿಂದ, ಕ್ಯಾಶನ್ನ ಸೈಟ್ ಪ್ರಕಾರ ಬೇರೆ ಬೇರೆ ಮಾಡಿದ್ದಾರೆ. ಎನ್‌ಪಿಎಂ ಇನ್‌ಸ್ಟಾಲ್ ಮಾಡಿ ಬಂಡಲ್ ಒಳಗೇ ಸೇರಿಸ್ಕೊಳ್ಳೋದು ನೆಮ್ಮದಿ.

ಕನ್ನಡ ಸೈಟ್ ಮಾಡೋರು ಇದನ್ನ ಸ್ವಲ್ಪ ನಿಧಾನಕ್ಕೆ ಓದಿ. ಗೂಗಲ್ ಫಾಂಟ್ಸಿಂದ ನೋಟೊ ಸ್ಯಾನ್ಸ್ ಕನ್ನಡ ಹಾಕಿದ್ದೀವಿ, ನೆಟ್‌ವರ್ಕಲ್ಲಿ ಫಾಂಟ್ ಫಿಲ್ಟರ್ ಒತ್ತಿದ್ರೆ ಕನ್ನಡದ ಫೈಲ್ ಬಂದೇ ಇಲ್ಲ ಅಂತ ಗಾಬರಿ ಬೀಳ್ತಾರೆ. ಅದು ಎರರ್ ಅಲ್ಲ. ಆ ಸಿಎಸ್‌ಎಸ್‌ನಲ್ಲಿ ಫಾಂಟನ್ನ ಕನ್ನಡ, ಲ್ಯಾಟಿನ್ ಅಂತ ತುಂಡು ಮಾಡಿ ಪ್ರತಿಯೊಂದಕ್ಕೂ ಯುನಿಕೋಡ್ ರೇಂಜ್ ಕೊಟ್ಟಿರ್ತಾರೆ, ಪೇಜಲ್ಲಿ ಒಂದಾದ್ರೂ ಕನ್ನಡ ಅಕ್ಷರ ಬಂದ್ರೆ ಮಾತ್ರ ಬ್ರೌಸರು ಆ ತುಂಡನ್ನ ತರಿಸತ್ತೆ. ಲೋರೆಮ್ ಇಪ್ಸಮ್ ಹಾಕ್ಕೊಂಡು ಟೆಸ್ಟ್ ಮಾಡಿದ್ರೆ ಎಲ್ಲಿಂದ ಬರತ್ತೆ? ಒಂದು 'ಅ' ಹಾಕಿ ನೋಡಿ, ಸಾಲು ಹಾಜರ್. ರಿಯಾಕ್ಟ್ ಆ್ಯಪಲ್ಲಿ ಕನ್ನಡ ಪಠ್ಯ ಎಪಿಐಯಿಂದ ಬರೋದಾದ್ರೆ ಫಾಂಟ್ ರಿಕ್ವೆಸ್ಟು ಅದಾದ್ಮೇಲೇ ಹೊರಡತ್ತೆ, ವಾಟರ್‌ಫಾಲ್ ಕಾಲಮಲ್ಲಿ ಆ ಗೆರೆ ದೂರದಲ್ಲಿ ಒಂಟಿಯಾಗಿ ಕಾಣತ್ತೆ, ಅಲ್ಲಿವರೆಗೂ ವಿಂಡೋಸಲ್ಲಿ ನಿರ್ಮಲಾ ಯುಐ ಕಂಡು ಆಮೇಲೆ ಪಟ್ಟಂತ ಅಕ್ಷರ ಬದಲಾಗತ್ತೆ. ಫಾಂಟನ್ನ ನಿಮ್ಮ ಸರ್ವರಲ್ಲೇ ಇಟ್ಕೊಂಡು ಪ್ರೀಲೋಡ್ (ಮೊದ್ಲೇ ತರಿಸ್ಕೋ ಅನ್ನೋ ಟ್ಯಾಗ್) ಹಾಕಿ ಸರಿ ಮಾಡ್ಬೋದು, ಆದ್ರೆ ಪ್ರೀಲೋಡ್ ಟ್ಯಾಗಲ್ಲಿ ಕ್ರಾಸ್‌ಒರಿಜಿನ್ ಅಂತ ಬರೀದಿದ್ರೆ ಫಾಂಟ್ ನಿಮ್ಮದೇ ಡೊಮೇನಲ್ಲಿದ್ರೂ ಎರಡು ಸಲ ಡೌನ್‌ಲೋಡ್ ಆಗತ್ತೆ. ಟ್ಯಾಬಲ್ಲಿ ಒಂದೇ ಫಾಂಟಿನ ಎರಡು ಸಾಲು ಕಂಡ್ರೆ ಅದೇ ಕಾರಣ ಇರೋ ಚಾನ್ಸ್ ಜಾಸ್ತಿ. ಫಾಂಟ್ ಬೇರೆ ಡೊಮೇನಲ್ಲಿದ್ರೆ ಕಾರ್ಸ್ ಹೆಡರ್ (ಬೇರೆ ಸೈಟು ಬಳಸ್ಬೋದು ಅನ್ನೋ ಆ ಸರ್ವರಿನ ಒಪ್ಪಿಗೆ) ಬೇಕೇ ಬೇಕು, ಅದೇ ಡೊಮೇನಿಂದ ಇಮೇಜ್ ಆರಾಮಾಗಿ ಬರ್ತಿದೆಯಲ್ಲ ಅಂತ ತಲೆ ಕೆರ್ಕೋಬೇಡಿ, ಇಮೇಜಿಗೆ ಆ ಕಟ್ಟುಪಾಡು ಇಲ್ಲ. ಕೊನೆಗೆ ನಿಜವಾಗ್ಲೂ ಯಾವ ಫಾಂಟ್ ಬಿತ್ತು ಅಂತ ನೋಡೋಕೆ ನೆಟ್‌ವರ್ಕ್ ಬಿಟ್ಟು ಎಲಿಮೆಂಟ್ಸ್‌ಗೆ ಹೋಗಿ ಕಂಪ್ಯೂಟೆಡ್‌ನಲ್ಲಿ ತೀರಾ ಕೆಳಗೆ ರೆಂಡರ್ಡ್ ಫಾಂಟ್ಸ್ ನೋಡಬೇಕು, ಇದನ್ನ ಅಲ್ಲಿ ಯಾಕೆ ಬಚ್ಚಿಟ್ಟಿದ್ದಾರೋ ದೇವರೇ ಬಲ್ಲ.

ಒಂದು ಮಾರ್ಕ್ ಯಾಕೆ ಕಟ್ ಮಾಡ್ದೆ ಅಂದ್ರೆ, ಪ್ರಿಸರ್ವ್ ಲಾಗ್ ಮೊದಲಿಂದಾನೇ ಆನ್ ಇರಲ್ಲ, ಪೇಜ್ ರಿಲೋಡ್ ಆದ್ರೆ ಸಾಕ್ಷಿ ಎಲ್ಲ ಮಾಯ. ಡಿಸೇಬಲ್ ಕ್ಯಾಶ್ ಅನ್ನೋ ಟಿಕ್ಕು ಡೆವ್‌ಟೂಲ್ಸ್ ತೆರೆದಿರೋವರೆಗೆ ಮಾತ್ರ ಕೆಲಸ ಮಾಡತ್ತೆ, ಅದನ್ನ ಖಾಯಂ ಹಾಕ್ಕೊಂಡೇ ಇರೋ ಡೆವಲಪರಿಗೆ ಕ್ಯಾಶ್ ಸಮಸ್ಯೆ ಜನ್ಮದಲ್ಲಿ ಕಾಣಲ್ಲ, ಬಳಸೋರಿಗೆ ಮಾತ್ರ ಕಾಣತ್ತೆ. ಸೋರ್ಸ್ ಮ್ಯಾಪ್ (ಬಿಲ್ಡ್ ಆದ ಕೋಡನ್ನ ಮೂಲ ಕೋಡಿಗೆ ಹೊಂದಿಸೋ ಫೈಲು) ಸಿಗದಿದ್ರೆ ಕನ್ಸೋಲಲ್ಲಿ ಹಳದಿ ವಾರ್ನಿಂಗ್ ಬರತ್ತೆ, ನೆಟ್‌ವರ್ಕಲ್ಲಿ ಹುಡುಕಿದ್ರೆ ಸಾಲೇ ಇಲ್ಲ, ಅದಕ್ಕೆ ಡೆವಲಪರ್ ರಿಸೋರ್ಸಸ್ ಅಂತ ಬೇರೇನೇ ಟ್ಯಾಬ್ ಇದೆ. ಬ್ಲಾಕ್ಡ್ ಬೈ ಕ್ಲೈಂಟ್ ಅಂತ ಬಂದ್ರೆ ಯಾವುದೋ ಆ್ಯಡ್ ಬ್ಲಾಕರ್ ಥರದ ಎಕ್ಸ್‌ಟೆನ್ಶನ್ ತಡೆದಿದೆ ಅಂತ ಅರ್ಥ, ಯಾವುದು ಅಂತ ಅಲ್ಲಿ ಹೇಳಲ್ಲ, ಇನ್‌ಕಾಗ್ನಿಟೋದಲ್ಲಿ ತೆಗೆದು ನೋಡೋದೇ ಗತಿ. ರಿಕ್ವೆಸ್ಟನ್ನ ಸ್ವಲ್ಪ ತಿದ್ದಿ ಮತ್ತೆ ಕಳಿಸೋಕೆ ಫೈರ್‌ಫಾಕ್ಸಲ್ಲಿ ಎಡಿಟ್ ಆ್ಯಂಡ್ ರೀಸೆಂಡ್ ಇದೆ, ಇಲ್ಲಿ ಕರ್ಲ್ ಕಮಾಂಡ್ ಆಗಿ ಕಾಪಿ ಮಾಡಿ ಟರ್ಮಿನಲ್‌ಗೋ, ಫೆಚ್ ಆಗಿ ಕಾಪಿ ಮಾಡಿ ಕನ್ಸೋಲಿಗೋ ಓಡಬೇಕು.

ಎಲ್ಲಕ್ಕಿಂತ ದೊಡ್ಡ ಕೊರತೆ, ಇದು ನಿಮ್ಮ ಮಷಿನ್ ಕಥೆ ಮಾತ್ರ ಹೇಳತ್ತೆ. ಡಿಪ್ಲಾಯ್ ಆದ್ಮೇಲೆ ಬರೋ 'ಚಂಕ್ ಲೋಡ್ ಎರರ್' (ಚಂಕ್ ಅಂದ್ರೆ ಬೇಕಾದಾಗ ತರಿಸೋ ಕೋಡಿನ ತುಂಡು) ಇದ್ಯಲ್ಲ, ಅದು ಯಾವಾಗ್ಲೂ ಬೇರೆಯವರ ಟ್ಯಾಬಲ್ಲೇ ಆಗೋದು. ಯಾರೋ ಬೆಳಿಗ್ಗೆ ಪೇಜ್ ತೆಗೆದು ಊಟಕ್ಕೆ ಹೋಗಿರ್ತಾರೆ, ಅಷ್ಟರಲ್ಲಿ ಹೊಸ ಬಿಲ್ಡ್ ಹೋಗಿ ಹೆಸರಲ್ಲಿ ಹಳೇ ಹ್ಯಾಶ್ (ಬಿಲ್ಡ್ ಟೂಲ್ ಸೇರಿಸೋ ಕೋಡು) ಇರೋ ಫೈಲುಗಳು ಅಳಿಸಿ ಹೋಗಿರ್ತವೆ, ಅವರು ವಾಪಸ್ ಬಂದು ಇನ್ನೊಂದು ಮೆನು ಒತ್ತಿದ್ರೆ ಇಲ್ಲದೇ ಇರೋ ಫೈಲನ್ನ ಕೇಳತ್ತೆ. ನಿಮ್ಮಲ್ಲಿ ಇದನ್ನ ಮರುಸೃಷ್ಟಿ ಮಾಡೋಕೆ ಒಂದು ಒಳ್ಳೇ ದಾರಿ ಇಲ್ಲೇ ಇದೆ, ಆ ಚಂಕಿನ ಸಾಲಿನ ಮೇಲೆ ರೈಟ್ ಕ್ಲಿಕ್ ಮಾಡಿ ಬ್ಲಾಕ್ ರಿಕ್ವೆಸ್ಟ್ ಯುಆರ್‌ಎಲ್ ಕೊಟ್ಟು, ಪೇಜ್ ರಿಲೋಡ್ ಮಾಡಿ, ಆ ಮೆನು ಒತ್ತಿ, ಆ್ಯಪ್ ಹೆಂಗೆ ಬೀಳತ್ತೆ ನೋಡಿ. ಪರಿಹಾರ ಅಂದ್ರೆ ಇಂಡೆಕ್ಸ್ ಫೈಲಿಗೆ ನೋ ಕ್ಯಾಶ್, ಹ್ಯಾಶ್ ಇರೋ ಅಸೆಟ್ಸಿಗೆ ಒಂದು ವರ್ಷದ ಇಮ್ಯೂಟಬಲ್ ಕ್ಯಾಶ್, ಹಳೇ ಬಿಲ್ಡಿನ ಫೈಲುಗಳನ್ನ ಸ್ವಲ್ಪ ದಿನ ಸರ್ವರಲ್ಲೇ ಇಟ್ಟಿರಿ, ಮತ್ತೆ ವೀಟ್ ಬಳಸ್ತಿದ್ರೆ ಪ್ರೀಲೋಡ್ ಎರರ್ ಈವೆಂಟ್ ಹಿಡಿದು ಪೇಜನ್ನ ರಿಲೋಡ್ ಮಾಡಿಸಿ. ಒಂದೇ ಸಲ ರಿಲೋಡ್ ಆಗೋ ಥರ ಸೆಷನ್ ಸ್ಟೋರೇಜಲ್ಲಿ ಗುರುತು ಇಟ್ಕೊಳ್ಳಿ, ಇಲ್ಲಾಂದ್ರೆ ಫೈಲು ನಿಜವಾಗ್ಲೂ ಇಲ್ಲದಿದ್ದಾಗ ಪೇಜು ಗಿರಗಿರ ತಿರುಗ್ತಾನೇ ಇರತ್ತೆ.

ಬಳಸೋರು ಸಹಕಾರ ಕೊಡೋ ಹಾಗಿದ್ರೆ ಸ್ಕ್ರೀನ್‌ಶಾಟ್ ಕೇಳ್ಬೇಡಿ, ಎಚ್‌ಎಆರ್ ಫೈಲ್ ಎಕ್ಸ್‌ಪೋರ್ಟ್ ಮಾಡಿ ಕಳ್ಸಿ ಅನ್ನಿ, ಅದನ್ನ ನಿಮ್ಮ ನೆಟ್‌ವರ್ಕ್ ಟ್ಯಾಬಿಗೆ ಎಳೆದು ಬಿಟ್ರೆ ಅವರ ಕಡೆ ಆಗಿದ್ದೆಲ್ಲ ಸಾಲು ಸಾಲಾಗಿ ನಿಮ್ಮಲ್ಲೇ ತೆರ್ಕೊಳ್ಳತ್ತೆ. ಹೊಸ ಕ್ರೋಮಲ್ಲಿ ಎಕ್ಸ್‌ಪೋರ್ಟ್ ಒತ್ತಿದ್ರೆ ಕುಕ್ಕಿ, ಆಥರೈಸೇಶನ್ ಹೆಡರ್ ತೆಗೆದಿರೋ ಸ್ಯಾನಿಟೈಸ್ಡ್ ಕಾಪಿನೇ ಬರತ್ತೆ. ಹಳೇ ವರ್ಷನ್ ಇದ್ರೆ ಲಾಗಿನ್ ಟೋಕನ್ ಸಮೇತ ಬರತ್ತೆ, ಅಂಥ ಫೈಲನ್ನ ಟೀಮಿನ ವಾಟ್ಸಾಪ್ ಗ್ರೂಪಿಗೆ ಹಾಕಿಸ್ಬೇಡಿ.