ಅಮ್ಲೋಡಿಪಿನ್, ಟೆಲ್ಮಿಸಾರ್ಟನ್ ಮತ್ತು ನನ್ನ ಪಾದಗಳು

ಬಿಪಿ ಇಳಿಸುವ ವಿಷಯದಲ್ಲಿ ಅಮ್ಲೋಡಿಪಿನ್ ಬಗ್ಗೆ ನನಗೆ ತಕರಾರಿಲ್ಲ; ತಕರಾರಿರುವುದು ಅದು ನನ್ನ ಪಾದಗಳಿಗೆ ಕೊಟ್ಟ ಕಾಟದ ಬಗ್ಗೆ. 5 ಮಿ.ಗ್ರಾಂ. ಸಾಲದೆಂದು 10ಕ್ಕೆ ಏರಿಸಿದ ಮೇಲೆ ಮೇಲಿನ ಅಂಕಿ 130ರ ಆಸುಪಾಸಿಗೆ ಬಂತು. ಆದರೆ ಸಂಜೆಯಾಗುವಷ್ಟರಲ್ಲಿ ಪಾದ ಊದಿಕೊಂಡು ಚಪ್ಪಲಿಯ ಪಟ್ಟಿ ಅಚ್ಚೊತ್ತಿ ನಿಲ್ಲುತ್ತಿತ್ತು, ಕಾಲುಂಗುರವನ್ನು ಸಾಬೂನು ಹಚ್ಚಿ ತೆಗೆಯಬೇಕಾಯಿತು, ಕಣಕಾಲನ್ನು ಬೆರಳಿನಿಂದ ಒತ್ತಿದರೆ ಬಿದ್ದ ಗುಳಿ ತುಂಬಿಕೊಳ್ಳಲು ಹೊತ್ತು ಹಿಡಿಯುತ್ತಿತ್ತು. ಕುಂದುವಾಡ ಕೆರೆಯ ಕಡೆಗಿನ ವಾಕಿಂಗ್ ನಿಂತೇ ಹೋಯಿತು.

ಆಗ ತೋರಿಸುತ್ತಿದ್ದ ವೈದ್ಯರು ಉಪ್ಪು ಬಿಡಿಸಿ, ಮೂತ್ರ ಹೆಚ್ಚಿಸುವ ಮಾತ್ರೆಯೊಂದನ್ನು ಸೇರಿಸಿದರು. ದಾವಣಗೆರೆಯಲ್ಲಿದ್ದುಕೊಂಡು ಮಂಡಕ್ಕಿ-ಮಿರ್ಚಿಯನ್ನೂ ಬಿಟ್ಟೆ. ಬಾವು ಜಗ್ಗಲಿಲ್ಲ. ಅಮ್ಲೋಡಿಪಿನ್ ಸಣ್ಣ ಅಪಧಮನಿಗಳನ್ನು ಹಿಗ್ಗಿಸಿದಷ್ಟು ಅಭಿಧಮನಿಗಳನ್ನು ಹಿಗ್ಗಿಸುವುದಿಲ್ಲವಾದ್ದರಿಂದ ನಡುವಿನ ಲೋಮನಾಳಗಳಲ್ಲಿ ಒತ್ತಡ ಹೆಚ್ಚಿ, ನೀರು ಸುತ್ತಲಿನ ಅಂಗಾಂಶಕ್ಕೆ ಸೋರುತ್ತದೆ. ಮೈಯಲ್ಲಿ ನೀರು ಹೆಚ್ಚಾಗಿ ಬಂದ ಬಾವು ಇದಲ್ಲ, ಹಾಗಾಗಿ ಮೂತ್ರದ ಮಾತ್ರೆಗೆ ಅಷ್ಟಾಗಿ ಬಗ್ಗುವುದೂ ಇಲ್ಲ. ಡೋಸ್ ಏರಿದಂತೆ ಇದು ಹೆಚ್ಚುತ್ತದೆ, ಹೆಂಗಸರಲ್ಲಿ ಇನ್ನೂ ಹೆಚ್ಚು. ಡೋಸ್ ಏರಿಸುವಾಗಲೇ ಇಷ್ಟನ್ನು ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಬೇರೊಬ್ಬ ವೈದ್ಯರು ಅಮ್ಲೋಡಿಪಿನ್ ಅನ್ನು ಮತ್ತೆ 5ಕ್ಕೆ ಇಳಿಸಿ, ಬಿಪಿಯ ಇನ್ನೊಂದು ಮಾತ್ರೆಯಾದ ಟೆಲ್ಮಿಸಾರ್ಟನ್ 40 ಮಿ.ಗ್ರಾಂ. ಜೊತೆಗಿಟ್ಟರು. ಇದು ಅಭಿಧಮನಿಗಳನ್ನೂ ಸಡಿಲಿಸುವುದರಿಂದ ಬಾವು ತಗ್ಗಬಹುದೆಂದರು, ತಗ್ಗಿತು. ಕಾಲುಂಗುರ ಮತ್ತೆ ಬೆರಳಿಗೇರಿತು. ಪೂರ್ಣ ಪರಿಣಾಮಕ್ಕೆ ಸುಮಾರು 4 ವಾರ ಬೇಕಾಗುವ ಈ ಮಾತ್ರೆಯನ್ನು ಮೊದಲ ವಾರದಲ್ಲೇ ಕೆಲಸಕ್ಕೆ ಬಾರದ್ದೆಂದು ಪಕ್ಕಕ್ಕಿಡಬೇಡಿ.

ಬೆಳಿಗ್ಗೆ ಕಾಫಿಗೆ ಮೊದಲು ಕುರ್ಚಿಗೆ ಬೆನ್ನು ಆನಿಸಿ, ಎರಡೂ ಪಾದಗಳನ್ನು ನೆಲಕ್ಕೂರಿ, 5 ನಿಮಿಷ ಮಾತಿಲ್ಲದೆ ಕುಳಿತು, ತೋಳನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಟ್ಟು ಬಿಪಿಯನ್ನು ಎರಡು ಸಲ ಅಳೆದು, ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಬರೆದುಕೊಳ್ಳುತ್ತೇನೆ. ಮನೆಯವರಿಗೆಲ್ಲ ಈಗ ಇದು ಗೊತ್ತು. ಆ ಹೊತ್ತಿನಲ್ಲಿ ಯಾರೂ ನನ್ನನ್ನು ಕರೆಯುವುದಿಲ್ಲ, ಅದೇ ಒಂದು ಸುಖ. ಟೆಲ್ಮಿಸಾರ್ಟನ್‌ಗೆ ತೇವ ಆಗಿಬರುವುದಿಲ್ಲ. ಅದನ್ನು ಮೊದಲೇ ಬಿಡಿಸಿ ಡಬ್ಬಿಯಲ್ಲಿ ತುಂಬಿಡದೆ, ನುಂಗುವಾಗಲೇ ಸ್ಟ್ರಿಪ್‌ನಿಂದ ತೆಗೆಯಬೇಕು.

ಚಿತ್ರದುರ್ಗದ ನನ್ನ ಅಕ್ಕನಿಗೆ ಬಿಪಿಗೆಂದು ರಾಮಿಪ್ರಿಲ್ ಕೊಟ್ಟಾಗ ರಾತ್ರಿಯಿಡೀ ಒಣಕೆಮ್ಮು; ಎಸಿಇ ಇನ್ಹಿಬಿಟರ್ ಎನ್ನುವ ಆ ಗುಂಪಿನ ಔಷಧಗಳಿಗೆ ಈ ದೋಷ ಸಾಮಾನ್ಯ. 2002ರಲ್ಲಿ ಪ್ರಕಟವಾದ, 33,000ಕ್ಕೂ ಹೆಚ್ಚು ಜನರ ಆಲ್‌ಹ್ಯಾಟ್ ಎಂಬ ಬಿಪಿ ಔಷಧಗಳ ಅಧ್ಯಯನದಲ್ಲಿ ಮೂತ್ರ ಹೆಚ್ಚಿಸುವ ಕ್ಲೋರ್ಥಾಲಿಡೋನ್, ಅಮ್ಲೋಡಿಪಿನ್ ಮತ್ತು ರಾಮಿಪ್ರಿಲ್ ಗುಂಪಿನದೇ ಆದ ಲಿಸಿನೋಪ್ರಿಲ್ ಹೃದಯಾಘಾತ ತಡೆಯುವುದರಲ್ಲಿ ಹೆಚ್ಚುಕಡಿಮೆ ಸಮಬಲವಾಗಿದ್ದವು. ಹೀಗಿರುವಾಗ ನಾನು ಅಂಕ ಕೊಡುವುದು ಯಾವುದನ್ನು ತಡೆದುಕೊಳ್ಳಬಹುದು ಎಂಬುದಕ್ಕೆ. ಪಿಂಚಣಿಯ ಲೆಕ್ಕದಲ್ಲಿ ನೋಡಿದರೆ ಜನೌಷಧಿ ಕೇಂದ್ರದಲ್ಲಿ ಅಮ್ಲೋಡಿಪಿನ್, ಟೆಲ್ಮಿಸಾರ್ಟನ್ ಎರಡೂ ಅಗ್ಗವೇ.

ಟೆಲ್ಮಿಸಾರ್ಟನ್‌ಗೂ ಒಂದು ಷರತ್ತಿದೆ. ಅದು ರಕ್ತದಲ್ಲಿ ಪೊಟ್ಯಾಸಿಯಂ ಏರಿಸಬಹುದಾದ್ದರಿಂದ ಆಗಾಗ ಪೊಟ್ಯಾಸಿಯಂ, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಬೇಕು. ಎಳನೀರಿನಲ್ಲೂ ಪೊಟ್ಯಾಸಿಯಂ ಹೆಚ್ಚಿರುವುದರಿಂದ ದಿನವೂ ಅದನ್ನು ಕುಡಿಯುವವರು ಆ ಮಾತನ್ನು ವೈದ್ಯರ ಕಿವಿಗೆ ಹಾಕಿಯೇ ಮಾತ್ರೆ ಶುರುಮಾಡಲಿ.