ಮಲ್ಪೆಯ ಉಪ್ಪುಗಾಳಿಯಲ್ಲಿ ಹೊರಗೋಡೆಯ ಪೇಂಟ್: ಮೂರು ಮಳೆಗಾಲದ ನಂತರ

ನಮ್ಮ ಮನೆ ಮಲ್ಪೆ ಹತ್ತಿರ. ಮುರಕಲ್ಲಿನ (ಕೆಂಪು ಲ್ಯಾಟರೈಟ್ ಕಲ್ಲು) ಗೋಡೆ, ಸಿಮೆಂಟ್ ಸಾರಣೆ, ಮೇಲೆ ತಾರಸಿ. ಹೊರಗಿನ ಪೇಂಟನ್ನು ಈ ಸಲ ಒಂದು ಪೇಂಟಿಂಗ್ ಸರ್ವಿಸ್‌ನವರಿಗೆ ಕೊಟ್ಟಿದ್ದೆವು. ಮೂರು ಮಳೆಗಾಲ ಕಳೆಯಿತು. ಗೋಡೆಗೆ ನಾಲ್ಕು ಸ್ಟಾರ್, ಕಬ್ಬಿಣದ ಕೆಲಸಕ್ಕೆ ಒಂದೇ.

ಊರಿನ ಪೇಂಟರ್ ಹೇಳಿದ್ದಕ್ಕಿಂತ ಇವರ ರೇಟು ಹೆಚ್ಚುಕಮ್ಮಿ ಒಂದೂವರೆ ಪಟ್ಟು. ಆ ಜಾಸ್ತಿ ದುಡ್ಡು ಹೋಗಿದ್ದು ಬಣ್ಣಕ್ಕಲ್ಲ, ತೊಳೆಯುವುದಕ್ಕೆ ಮತ್ತು ಒಣಗಿಸುವುದಕ್ಕೆ. ಪ್ರೆಶರ್ ಪಂಪಿನಲ್ಲಿ ಇಡೀ ಗೋಡೆ ತೊಳೆದರು. ಕಪ್ಪು ಪಾಚಿ ಇದ್ದಲ್ಲಿ ಅದನ್ನು ಸಾಯಿಸುವ ಔಷಧಿ ಹಚ್ಚಿ, ಒಂದು ರಾತ್ರಿ ಬಿಟ್ಟು, ಉಜ್ಜಿ ಮತ್ತೆ ತೊಳೆದರು. ಪಾಚಿ ಜೀವಂತ ಇದ್ದರೆ ಎಷ್ಟು ದುಬಾರಿ ಪೇಂಟ್ ಬಳಿದರೂ ಮುಂದಿನ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್‌ನ ಜೋರು ಮಳೆಯ ತುಳು ತಿಂಗಳು) ಹಾಜರ್. ತೊಳೆಯಲು ಯಾವ ನೀರು ಎಂದೂ ಕೇಳಿದರು. ಕಡಲ ಹತ್ತಿರದ ಬಾವಿಗಳಲ್ಲಿ ಬೇಸಿಗೆಗೆ ಉಪ್ಪು ಏರುತ್ತದೆ ಅಲ್ವಾ? ಆ ನೀರಿನಲ್ಲಿ ತೊಳೆದರೆ ಗೋಡೆಗೆ ಉಪ್ಪು ಬಳಿದ ಹಾಗೆಯೇ.

ದೀಪಾವಳಿಗೆ ಹೊಸ ಬಣ್ಣ ಆಗಬೇಕು ಎಂದು ಮನೆಯಲ್ಲಿ ಎಲ್ಲರ ಹಟ. ಸೂಪರ್‌ವೈಸರ್ ಒಪ್ಪಲಿಲ್ಲ. ತೇವ ಅಳೆಯುವ ಮೀಟರನ್ನು ಗೋಡೆಯ ಬುಡಕ್ಕೆ ಒತ್ತಿ ತೋರಿಸಿದರು. ಮುರಕಲ್ಲು ನೆಲದ ನೀರನ್ನು ಹೀರಿಕೊಳ್ಳುತ್ತದೆ. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುವ ಜಿಲ್ಲೆಯಲ್ಲಿ ಅಕ್ಟೋಬರ್ ಒಳಗೆ ಅದು ಒಣಗುವುದಿಲ್ಲ. ಒಳಗೆ ತೇವ ಇಟ್ಟು ಬಳಿದರೆ ಗುಳ್ಳೆ ಎದ್ದು ಸಿಪ್ಪೆ ಬರುತ್ತದೆ. ಕೆಲಸ ಶುರುವಾಗಿದ್ದು ಡಿಸೆಂಬರಿನಲ್ಲಿ. ಬಿರುಕು ತುಂಬಿ, ಪ್ರೈಮರ್ ಹೊಡೆದು, ಅದರ ಮೇಲೆ ಎರಡು ಕೋಟ್ ಅಕ್ರಿಲಿಕ್ ಎಮಲ್ಶನ್.

ಈಗಿನ ಪರಿಸ್ಥಿತಿ? ಮಳೆ ನೇರವಾಗಿ ಹೊಡೆಯುವ ಪಡುಗೋಡೆ ಚೆನ್ನಾಗಿಯೇ ಇದೆ, ಬಣ್ಣ ಚೂರು ಮಾಸಿದೆ ಅಷ್ಟೆ. ತೊಂದರೆ ಇರುವುದು ಬಡಗು ಬದಿಯಲ್ಲಿ, ಹಲಸಿನ ಮರದ ನೆರಳಿನಲ್ಲಿ. ಚಳಿಗಾಲದಲ್ಲಿ ಅಲ್ಲಿಗೆ ಬಿಸಿಲೇ ಬರುವುದಿಲ್ಲ, ಛಜ್ಜಾದ ಕೆಳಗೆ ಹಸಿರು ಗೆರೆ ಮತ್ತೆ ಕಾಣಿಸಿದೆ. ಇದರಲ್ಲಿ ಪೇಂಟಿನ ತಪ್ಪು ಕಡಿಮೆ, ಮರದ್ದು ಜಾಸ್ತಿ. ಮರ ಕಡಿಯುವುದಿಲ್ಲ, ಹಲಸು ಬೇಕು.

ಗ್ರಿಲ್ ಕಥೆ ಬೇರೆ. ಕಿಟಕಿಯ ಸರಳುಗಳ ಮುಂಭಾಗ ಉಜ್ಜಿದರು, ಹಿಂಭಾಗಕ್ಕೆ ಸುಮ್ನೆ ಬ್ರಷ್ ಎಳೆದರು. ತುಕ್ಕಿನ ಮೇಲೆಯೇ ರೆಡ್ ಆಕ್ಸೈಡ್ ಪ್ರೈಮರ್ ಬಳಿದರು. ಎರಡನೇ ಮಳೆಗಾಲಕ್ಕೆ ತುಕ್ಕು ನೀರು ಇಳಿದು ಹೊಸ ಗೋಡೆಯ ಮೇಲೆ ಕಂದು ಕಲೆ. ವಾರಂಟಿ ಕೇಳಿದರೆ ಒಬ್ಬರು ಬಂದು ಫೋಟೋ ತೆಗೆದುಕೊಂಡು ಹೋದರು. ಕಬ್ಬಿಣ ಅದರಲ್ಲಿ ಸೇರುವುದಿಲ್ಲವಂತೆ. ಕಾಗದ ನೋಡಿದೆ, ನಿಜ. ತಾರಸಿಯಿಂದ ಸೋರುವ ನೀರು, ನೆಲದಿಂದ ಏರುವ ತೇವ ಇವೂ ಸೇರುವುದಿಲ್ಲ. ಕರಾವಳಿಯ ಮನೆಯಲ್ಲಿ ಪೇಂಟ್ ಹಾಳಾಗುವುದೇ ಇವುಗಳಿಂದ! ಮತ್ತೆ ಯಾವುದಕ್ಕೆ ವಾರಂಟಿ? ಕೊನೆಗೆ ಕಲೆ ಇದ್ದಲ್ಲಿ ಟಚಪ್ ಮಾಡಿಕೊಟ್ಟರು. ಹಳೇ ಬಣ್ಣ ಮಾಸಿದ್ದರಿಂದ ತೇಪೆ ಎದ್ದು ಕಾಣುತ್ತದೆ.

ಮುಂದಿನ ಸಲವೂ ಗೋಡೆಗೆ ಇವರನ್ನೇ ಕರೆಯುತ್ತೇನೆ. ಗ್ರಿಲ್ ಮಾತ್ರ ವೆಲ್ಡಿಂಗ್ ಅಂಗಡಿಯವರಿಗೆ: ಕಳಚಿ, ತುಕ್ಕು ಪೂರ್ತಿ ಕೆರೆದು, ಎಪಾಕ್ಸಿ ಪ್ರೈಮರ್ ಹೊಡೆದು ಕೊಡುತ್ತಾರಂತೆ. ಅದು ಗೋಡೆಯ ಪೇಂಟಿಗಿಂತ ಮೊದಲೇ ಆಗಬೇಕು.