ಗಿಟಾರ್ ರೆಕಾರ್ಡಿಂಗ್‌ಗೆ 'ಸ್ಟುಡಿಯೋ ಕಾಂಬೋ' ತರಿಸುವ ಮೊದಲು ಇದನ್ನು ಓದಿ

ಮೊಬೈಲಿನಲ್ಲಿ ಗಿಟಾರ್ ವಿಡಿಯೋ ಒಂದೆರಡು ನೋಡಿದರೆ ಸಾಕು, 'ಹೋಮ್ ಸ್ಟುಡಿಯೋ ಕಾಂಬೋ' ಜಾಹೀರಾತು ಬೆನ್ನು ಹತ್ತುತ್ತದೆ. ಸೌಂಡ್ ಕಾರ್ಡ್, ಕಂಡೆನ್ಸರ್ ಮೈಕ್, ಹೆಡ್‌ಫೋನ್, ಸ್ಟ್ಯಾಂಡ್. ಜೊತೆಗೆ 'ಪ್ರೀಮಿಯಂ ಸಾಫ್ಟ್‌ವೇರ್ ಉಚಿತ, ನಾವೇ ಇನ್‌ಸ್ಟಾಲ್ ಮಾಡಿಕೊಡ್ತೇವೆ' ಅಂತ ಒಂದು ಸಾಲು. ಶಿರಸಿ, ಯಲ್ಲಾಪುರ, ಕುಮಟಾ ಕಡೆಯವರಿಗೆ ಇದು ಆಸೆ ಹುಟ್ಟಿಸುವುದು ಸಹಜ. ಇಂಥ ಸಾಮಾನನ್ನು ಕೈಯಲ್ಲಿ ಹಿಡಿದು ನೋಡಿ ತಗೊಳ್ಳಬೇಕು ಅಂದರೆ ನಮಗೆ ಹುಬ್ಬಳ್ಳಿಯೋ ಮಡಗಾಂವೋ ಗತಿ. ಮಳೆಗಾಲದಲ್ಲಿ ಅಷ್ಟು ದೂರ ಹೋಗುವ ಬದಲು ಮನೆ ಬಾಗಿಲಿಗೇ ಬರುತ್ತದೆ ಅಂದರೆ ಯಾರು ಬೇಡ ಅಂತಾರೆ? ನಾನೂ ತರಿಸಿದೆ. ಹಣ ಹೋಗಿದ್ದು ಸಣ್ಣ ವಿಷಯ. ಅಪ್ಪಯ್ಯನ ತೋಟದ ಲೆಕ್ಕ ಪೂರ್ತಿ ಹೋಯಿತು.

ಮಾರಿದವರ ಹೆಸರು ಬರೆಯುವುದಿಲ್ಲ. ದೂರು ನಡೆಯುತ್ತಿದೆ. ಅಲ್ಲದೆ ಆ ಪುಟದ ಹೆಸರು ಆಗಲೇ ಬದಲಾಗಿದೆ, ಫೋಟೋ ಮಾತ್ರ ಅವೇ. ಸಾಮಾನು ಹೇಗಿತ್ತು, ಮಾತು ಹೇಗಿತ್ತು ಅಂತ ತಿಳಿದುಕೊಂಡರೆ ಯಾವ ಹೆಸರಲ್ಲಿ ಬಂದರೂ ಗುರುತು ಹಿಡಿಯಬಹುದು.

ಹಣ ಹಾಕುವ ಮೊದಲು ವಾಟ್ಸಾಪಿನಲ್ಲಿ ಕೇಳಿದ್ದೆ. ಎಲೆಕ್ಟ್ರಿಕ್ ಗಿಟಾರ್ ನೇರ ಹಾಕಬಹುದಾ? ಕಂಡೆನ್ಸರ್ ಮೈಕ್ ನಡೆಯಲು ಬೇಕಾದ 48 ವೋಲ್ಟ್ ಬರುತ್ತಾ? ಕಾರ್ಡಿಗೆ ಸ್ವಂತ ಅಸಿಯೋ ಡ್ರೈವರ್ (ಶಬ್ದ ತಡವಾಗದಂತೆ ನೋಡಿಕೊಳ್ಳುವ ಸಾಫ್ಟ್‌ವೇರ್) ಇದೆಯಾ? ಎಲ್ಲಕ್ಕೂ ಒಂದೇ ಉತ್ತರ: 'ಫುಲ್ ಸಪೋರ್ಟ್ ಬ್ರೋ.' ಮೂರೂ ಸುಳ್ಳು.

ಪೆಟ್ಟಿಗೆಯೊಳಗಿದ್ದ 'ಆಡಿಯೋ ಇಂಟರ್‌ಫೇಸ್', ಅಂದರೆ ಗಿಟಾರ್-ಮೈಕಿನ ಶಬ್ದವನ್ನು ಕಂಪ್ಯೂಟರಿಗೆ ಕಳಿಸುವ ಸೌಂಡ್ ಕಾರ್ಡ್, ಬರೀ ಅಂಗೈ ಅಗಲದ ಪ್ಲಾಸ್ಟಿಕ್ ಡಬ್ಬಿ. ಮೇಲೆ ಬಣ್ಣದ ದೀಪ, ಸಾಲಾಗಿ ರಬ್ಬರ್ ಬಟನ್. ಒಂದರ ಮೇಲೆ ಚಪ್ಪಾಳೆಯ ಚಿತ್ರ. ಒತ್ತಿದರೆ ಜನ ಚಪ್ಪಾಳೆ ತಟ್ಟುತ್ತಾರೆ. ಪಕ್ಕದ್ದು ಒತ್ತಿದರೆ ನಗುತ್ತಾರೆ. ಇನ್ನೊಂದು ನಿಮ್ಮ ದನಿಯನ್ನು ಚಿಕ್ಕ ಮಗುವಿನ ದನಿ ಮಾಡುತ್ತದೆ. ಮೊಬೈಲಿನಲ್ಲಿ ಲೈವ್ ಬರುವವರಿಗೆ ಮಾಡಿದ ಕಾರ್ಡ್ ಅದು. ಅವರಿಗೆ ಸರಿ. ಗಿಟಾರಿಗೆ ಅದರಲ್ಲಿ ಜಾಗವೇ ಇಲ್ಲ. ಗಿಟಾರ್ ಕೇಬಲ್ಲಿನ ಜ್ಯಾಕ್ 6.35 ಮಿ.ಮೀ., ಈ ಡಬ್ಬಿಯ ತೂತೆಲ್ಲ ಇಯರ್‌ಫೋನಿನ 3.5 ಮಿ.ಮೀ. ನಡುವೆ ಸಿಕ್ಕಿಸಲು ಒಂದು ಅಡಾಪ್ಟರ್ ಇಟ್ಟಿದ್ದರು. 'ಗಿಟಾರ್ ಸಪೋರ್ಟ್' ಅಂದರೆ ಅಷ್ಟೇ.

ಅಡಾಪ್ಟರ್ ಹಾಕಿದರೆ ತೂತು ಕೂಡುತ್ತದೆ, ಕೆಲಸ ಕೂಡುವುದಿಲ್ಲ. ಎಲೆಕ್ಟ್ರಿಕ್ ಗಿಟಾರಿನ ಪಿಕಪ್ಪಿಗೆ (ತಂತಿಯ ಕಂಪನವನ್ನು ಕರೆಂಟಾಗಿಸುವ ಭಾಗ) ಸುಮಾರು 10 ಲಕ್ಷ ಓಮ್, ಅಂದರೆ 1 ಮೆಗಾಓಮ್ ಇಂಪೀಡೆನ್ಸ್ (ಕರೆಂಟಿಗೆ ಒಡ್ಡುವ ತಡೆ) ಇರುವ ಇನ್‌ಪುಟ್ ಬೇಕು. ಮೊಬೈಲ್ ಮೈಕಿಗೆ ಅಂತ ಮಾಡಿದ ಇನ್‌ಪುಟ್‌ನಲ್ಲಿ ಅದು ಕೆಲವು ಸಾವಿರ ಓಮ್ ಅಷ್ಟೇ. ಆ ಹೊರೆಗೆ ಪಿಕಪ್ ಕುಸಿಯುತ್ತದೆ, ಮೇಲಿನ ಸ್ವರಗಳ ಹೊಳಪು ಮೊದಲು ಹೋಗುತ್ತದೆ. ಹೊಸ ತಂತಿ ಹಾಕಿದ್ದೆ, ಆದರೂ ಕೇಳಿದ್ದು ಮಬ್ಬು ಶಬ್ದ. ಟ್ರೆಬಲ್ ಏರಿಸಿದರೆ ಸುಯ್ ಅನ್ನುವ ಸದ್ದು ಜಾಸ್ತಿ ಆಯಿತೇ ಹೊರತು ಗಿಟಾರ್ ಬರಲಿಲ್ಲ. ನಿಜವಾದ ಇಂಟರ್‌ಫೇಸ್‌ನ ಮುಂದೆ ದಪ್ಪ ಜ್ಯಾಕಿನ ಸಾಕೆಟ್ ಇರುತ್ತದೆ, ಹತ್ತಿರ 'ಇನ್‌ಸ್ಟ್' ಅಂತಲೋ 'ಹೈ-ಝಡ್' ಅಂತಲೋ ಇಂಗ್ಲಿಷಿನಲ್ಲಿ ಬರೆದಿರುತ್ತದೆ. ಫೋಟೋದಲ್ಲಿ ಅದು ಕಾಣದಿದ್ದರೆ ಮುಂದೆ ಮಾತೇ ಬೇಡ.

ಮೈಕಿನ ಡಬ್ಬದ ಮೇಲೆ 48 ವೋಲ್ಟ್ ಅಂತ ದೊಡ್ಡದಾಗಿ ಅಚ್ಚು ಹಾಕಿದ್ದರು. ಕೇಬಲ್ಲಿನ ಒಂದು ತುದಿ ಮೂರು ಪಿನ್ನಿನ ಎಕ್ಸ್‌ಎಲ್‌ಆರ್, ಇನ್ನೊಂದು ತುದಿ ಅದೇ 3.5 ಮಿ.ಮೀ. ಜ್ಯಾಕ್. 48 ವೋಲ್ಟಿನ ಫ್ಯಾಂಟಮ್ ಪವರ್ (ಕೇಬಲ್ಲಿನಲ್ಲೇ ಮೈಕಿಗೆ ಹೋಗುವ ಕರೆಂಟ್) ಎರಡೂ ಕಡೆ ಎಕ್ಸ್‌ಎಲ್‌ಆರ್ ಇರುವ ಕೇಬಲ್ಲಿನಲ್ಲಿ ಹೋಗಬೇಕು. ಈ ಸಣ್ಣ ಜ್ಯಾಕಿನಲ್ಲಿ ಕೆಲವು ವೋಲ್ಟ್ ಬಂದರೆ ಹೆಚ್ಚು. ಅಕೌಸ್ಟಿಕ್ ಗಿಟಾರ್ ಮುಂದೆ ಇಟ್ಟು ನುಡಿಸಿದರೆ ದನಿ ಎಲ್ಲೋ ಪಕ್ಕದ ಮನೆಯಿಂದ ಬಂದಂತೆ. ಗೇನ್ (ಮೈಕಿನ ದನಿ ದೊಡ್ಡದು ಮಾಡುವ ಗುಂಡಿ) ಏರಿಸಿದರೆ ಹೊರಗಿನ ಮಳೆ, ಕಪ್ಪೆ, ಫ್ಯಾನು ಎಲ್ಲವೂ ಗಿಟಾರಿಗಿಂತ ಸ್ಪಷ್ಟ. (ತಗಡಿನ ಮಾಡಿನ ಕೆಳಗೆ ಇರುವವರು ಒಳ್ಳೆ ಮೈಕ್ ತಂದರೂ ಜೂನ್‌ನಿಂದ ಸೆಪ್ಟೆಂಬರ್ ತನಕ ಮೈಕಿನಲ್ಲಿ ರೆಕಾರ್ಡ್ ಮಾಡುವ ಆಸೆ ಬಿಡಿ. ಪಿಕಪ್ ಇರುವ ಗಿಟಾರನ್ನು ನೇರ ಹಾಕಿದರೆ ಮಳೆಯ ಕಾಟವಿಲ್ಲ. ಮೈಕನ್ನು ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಮುಚ್ಚಿಡಿ, ಇಲ್ಲಿನ ಥಂಡಿಗೆ ಒಳಗಿನ ಕ್ಯಾಪ್ಸೂಲ್ (ಶಬ್ದ ಹಿಡಿಯುವ ಭಾಗ) ಕೆಡುತ್ತದೆ.)

ಇನ್ನು ತಡ. ತಂತಿ ಮೀಟಿದ ಮೇಲೆ ಹೆಡ್‌ಫೋನಿನಲ್ಲಿ ಕೇಳುವ ತನಕ ಆಗುವ ಸಮಯಕ್ಕೆ ಲೇಟೆನ್ಸಿ ಅಂತಾರೆ. ಭಾಗವತರು ಪದ ಎತ್ತಿದಾಗ ಮದ್ದಳೆಯವರು ಪ್ರತಿ ಪೆಟ್ಟೂ ಒಂದು ಗಳಿಗೆ ಹಿಂದೆ ಹಾಕುತ್ತ ಹೋದರೆ ಹೇಗಿರುತ್ತದೆ? ಹಾಗಿತ್ತು. ಗಾಳಿಯಲ್ಲಿ ಶಬ್ದ ಒಂದು ಮೀಟರ್ ಹೋಗಲು ಸುಮಾರು 3 ಮಿಲಿಸೆಕೆಂಡ್ ಬೇಕು, ಅಂದರೆ ಆಂಪ್‌ನಿಂದ (ಆಂಪ್ಲಿಫೈಯರ್) 3 ಮೀಟರ್ ದೂರ ನಿಂತು ನುಡಿಸುವವರಿಗೂ 9 ಮಿಲಿಸೆಕೆಂಡ್ ತಡ ಇದ್ದೇ ಇದೆ. ಅಷ್ಟು ಬೆರಳಿಗೆ ಗೊತ್ತಾಗುವುದಿಲ್ಲ. ವಿಂಡೋಸ್‌ನ ಹಳೆಯ ಸಾಮಾನ್ಯ ಡ್ರೈವರ್‌ನಲ್ಲಿ ಇದು 100 ಮಿಲಿಸೆಕೆಂಡ್ ದಾಟಬಹುದು. ಅದಕ್ಕೇ 1997ರ ಸುಮಾರಿಗೆ ಸ್ಟೈನ್‌ಬರ್ಗ್‌ನವರು ಅಸಿಯೋ ಅನ್ನುವ ದಾರಿ ಮಾಡಿದ್ದು. ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ತಗೊಳ್ಳುವ ಶಬ್ದದ ತುಣುಕು) 128 ಸ್ಯಾಂಪಲ್, ರೇಟ್ 48 ಕಿಲೋಹರ್ಟ್ಸ್ ಇಟ್ಟರೆ ಒಂದು ಬಫರ್‌ಗೆ 2.7 ಮಿಲಿಸೆಕೆಂಡ್. ಒಳಗೆ ಬರಲು ಒಂದು, ಹೊರಗೆ ಹೋಗಲು ಒಂದು, ಜೊತೆಗೆ ಕಾರ್ಡಿನದ್ದು ಸ್ವಲ್ಪ ಸೇರಿದರೂ ನುಡಿಸಲು ಅಡ್ಡಿಯಿಲ್ಲ. ನನಗೆ ಬಂದ ಡಬ್ಬಿಗೆ ಸ್ವಂತ ಡ್ರೈವರೇ ಇರಲಿಲ್ಲ. ಅಸಿಯೋ ಫಾರ್ ಆಲ್ ಅಂತ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುವ ಸಾಫ್ಟ್‌ವೇರ್ ಹಾಕಿ 'ನಮ್ಮ ಡ್ರೈವರ್' ಅಂದರು. ಅದು ವಿಂಡೋಸ್ ಡ್ರೈವರ್‌ನ ಮೇಲೆ ಕೂರುವ ಪದರ. ತುರ್ತಿಗೆ ಒಳ್ಳೆಯದೇ, ಆದರೆ ಕಾರ್ಡ್ ಚೆನ್ನಾಗಿರಬೇಕಲ್ವಾ?

ಗಿಟಾರ್ ಹಾಕಿದಾಗ ಹಿಂದೆ ಗುಂಯ್ ಅನ್ನುವ ಸದ್ದೂ ಬರುತ್ತಿತ್ತು. ಅದರ ಬಗ್ಗೆ ಫೋನ್ ಮಾಡಿದಾಗ ಅವರು ಕೊಟ್ಟ ಸಲಹೆ ಕೇಳಿ. 'ನಿಮ್ಮ ಹಳ್ಳಿ ಕರೆಂಟ್ ಪ್ರಾಬ್ಲಂ ಸರ್. ಚಾರ್ಜರ್ ಪ್ಲಗ್ಗಿನ ದಪ್ಪ ಪಿನ್ ಕಟ್ ಮಾಡಿ.' ಆ ದಪ್ಪ ಪಿನ್ನೇ ಅರ್ಥಿಂಗ್! ಗಿಟಾರಿನ ತಂತಿ ಕೇಬಲ್ಲಿನ ಮೂಲಕ ಕಂಪ್ಯೂಟರಿನ ಮೈಗೆ ಸೇರಿರುತ್ತದೆ, ಆ ತಂತಿಯ ಮೇಲೆ ನಮ್ಮ ಬೆರಳು ಇರುತ್ತದೆ. ಮಳೆಗಾಲದ ಹಸಿ ನೆಲ ಬೇರೆ. ದಯವಿಟ್ಟು ಯಾರೂ ಈ ಕೆಲಸ ಮಾಡಬೇಡಿ. ಗುಂಯ್ ಎಲ್ಲಿಂದ ಅಂತ ತಿಳಿಯಲು ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ನುಡಿಸಿ ನೋಡಿ. ಸದ್ದು ಇಳಿದರೆ ಅರ್ಥಿಂಗ್ ಅಥವಾ ಚಾರ್ಜರಿನದ್ದು, ಎಲೆಕ್ಟ್ರಿಷಿಯನ್ ಕರೆಸಿ. ಇಳಿಯದಿದ್ದರೆ ಕೇಬಲ್, ಪಿಕಪ್, ಹತ್ತಿರದ ಟ್ಯೂಬ್‌ಲೈಟ್ ನೋಡಿ.

ಇಷ್ಟಕ್ಕೆ ಮುಗಿದಿದ್ದರೆ ನಾನು ಬರೆಯುತ್ತಲೂ ಇರಲಿಲ್ಲ.

'ಸೆಟಪ್ ಸರ್ವಿಸ್' ಅಂತ ಒಬ್ಬ ಹುಡುಗ ರಿಮೋಟ್ ಆ್ಯಪ್ ಹಾಕಿಸಿ ಲ್ಯಾಪ್‌ಟಾಪಿನ ಒಳಗೆ ಬಂದ. ಮಾತು ಬಹಳ ನಯ. ರೆಕಾರ್ಡಿಂಗ್ ಸಾಫ್ಟ್‌ವೇರ್, ಆಂಪ್ ಸಿಮ್ಯುಲೇಟರ್ (ಆಂಪ್ ಶಬ್ದವನ್ನು ಕಂಪ್ಯೂಟರಿನಲ್ಲೇ ಕೊಡುವ ಸಾಫ್ಟ್‌ವೇರ್), ಪ್ಲಗಿನ್‌ಗಳು ಒಂದರ ಹಿಂದೊಂದು ಇಳಿದವು. ಲೈಸೆನ್ಸ್ ಎಲ್ಲಿ ಅಂತ ಕೇಳಿದರೆ 'ಕಂಪನಿಯ ಡೀಲರ್ ಲೈಸೆನ್ಸ್, ಇಮೇಲ್ ಬರುತ್ತೆ' ಅಂದ. ನಡುವೆ ಆಂಟಿವೈರಸ್ ಕೂಗಿತು. ಅವನು ಅದನ್ನು ಆಫ್ ಮಾಡಿದ. 'ಆಡಿಯೋ ಸಾಫ್ಟ್‌ವೇರ್‌ಗೆ ಇದು ಕಾಮನ್, ಆನ್ ಇದ್ರೆ ಲೇಟೆನ್ಸಿ ಬರುತ್ತೆ.' ಅರ್ಧ ಸತ್ಯದ ಹಾಗೆ ಕೇಳುವ ಸುಳ್ಳು ಇದು, ಗಮನಿಸಿ. ಆಂಟಿವೈರಸ್ ಆಫ್ ಮಾಡು ಅಂತ ಯಾರೇ ಹೇಳಲಿ, ಅಲ್ಲೇ ನೆಟ್ ಕಿತ್ತುಹಾಕಿ.

ಮರುದಿನ ಬೆಳಿಗ್ಗೆ ಎಲ್ಲ ಫೈಲಿನ ಹೆಸರಿನ ಕೊನೆಗೂ ಅರ್ಥವಿಲ್ಲದ ನಾಲ್ಕು ಅಕ್ಷರ ಅಂಟಿಕೊಂಡಿದ್ದವು. ಯಾವುದೂ ತೆರೆಯಲಿಲ್ಲ. ಪ್ರತಿ ಫೋಲ್ಡರಿನಲ್ಲೂ 'ರೀಡ್‌ಮಿ' ಅಂತ ಒಂದು ಚೀಟಿ. ಫೈಲು ಬೇಕಾದರೆ 980 ಡಾಲರ್ ಕೊಡಿ, 72 ಗಂಟೆಯೊಳಗೆ ಸಂಪರ್ಕಿಸಿದರೆ ಅರ್ಧ, 490 ಡಾಲರ್. ಸ್ಟಾಪ್ ಅಥವಾ ಡಿಜೆವಿಯು ಅಂತ ಕರೆಯುವ, ಫೈಲಿಗೆ ಬೀಗ ಹಾಕಿ ದುಡ್ಡು ಕೇಳುವ ರ‍್ಯಾನ್ಸಮ್‌ವೇರ್ ಇದು. ಮುಖ್ಯವಾಗಿ ಕ್ರ್ಯಾಕ್ (ಲೈಸೆನ್ಸ್ ಇಲ್ಲದೆ ನಡೆಯುವಂತೆ ಒಡೆದ ಕಳ್ಳ) ಸಾಫ್ಟ್‌ವೇರ್ ಜೊತೆಗೇ ಹರಡುವಂಥದ್ದು. ಸೆಟಪ್ ಹುಡುಗನ ಫೋನ್ ಸ್ವಿಚ್ ಆಫ್.

ಆ ಲ್ಯಾಪ್‌ಟಾಪಿನಲ್ಲೇ ಅಪ್ಪಯ್ಯನ ಎಕ್ಸೆಲ್ ಶೀಟುಗಳಿದ್ದವು. ಚಾಲಿ (ಬಿಳಿ ಅಡಕೆ) ಎಷ್ಟು, ಕೆಂಪಡಕೆ ಎಷ್ಟು, ಮೆಣಸಿನ ತೂಕ, ಕೊನೆಗೌಡನಿಗೆ (ಅಡಕೆ ಕೊನೆ ಕೊಯ್ಯುವವ) ಕೊಟ್ಟ ಮುಂಗಡ, ಗೊಬ್ಬರದ ಬಾಕಿ. ಬ್ಯಾಕಪ್ ಅಂತ ಯಾವಾಗಲೂ ಸಿಕ್ಕಿಸಿಯೇ ಇರುತ್ತಿದ್ದ ಪೆನ್‌ಡ್ರೈವಿನದೂ ಅದೇ ಗತಿ. 'ಲೆಕ್ಕ ಪೂರ್ತಿ ಹೋತಾ?' ಅಂತ ಕೇಳಿ ಅಪ್ಪಯ್ಯ ಮತ್ತೆ ಮಾತಾಡಲಿಲ್ಲ. ಈಗ ಹಳೇ ರಸೀದಿ ಹುಡುಕಿ ಹುಡುಕಿ ಮತ್ತೆ ಬರೆಯುತ್ತಿದ್ದಾರೆ, ಈ ಸಲ ಪುಸ್ತಕದಲ್ಲಿ.

ವಿಚಿತ್ರ ಏನು ಗೊತ್ತಾ? ನಾನು ಮಾಡಿದ್ದ ಆ ಮಬ್ಬು ರೆಕಾರ್ಡಿಂಗ್‌ಗಳು ವಾಪಸ್ ಸಿಕ್ಕವು. ಈ ವೈರಸ್ ಪ್ರತಿ ಫೈಲಿನ ಮೊದಲ 150 ಕೆಬಿಯಷ್ಟನ್ನೇ ಬೀಗ ಹಾಕುತ್ತದೆ. ಎಕ್ಸೆಲ್ ಶೀಟು ಅಷ್ಟರಲ್ಲೇ ಮುಗಿದಿರುತ್ತದೆ. ರೆಕಾರ್ಡಿಂಗ್‌ನ ವೇವ್ ಫೈಲಿನಲ್ಲಿ ಅದು ಒಂದೆರಡು ಸೆಕೆಂಡಿನ ಶಬ್ದ ಅಷ್ಟೇ. ಅಡಾಸಿಟಿ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ 'ಇಂಪೋರ್ಟ್ ರಾ ಡೇಟಾ' ಮಾಡಿದರೆ ಶುರುವಿಗೆ ಕರ್ರ್ ಅಂತ ಕಿರುಚಿ ಆಮೇಲೆ ಗಿಟಾರ್ ಬರುತ್ತದೆ. ಇಂಥ ಕಷ್ಟಕ್ಕೆ ಸಿಕ್ಕವರು ದುಡ್ಡು ಮಾತ್ರ ಕಟ್ಟಬೇಡಿ. 'ನೋ ಮೋರ್ ರ‍್ಯಾನ್ಸಮ್' ಅನ್ನುವ ಜಾಲತಾಣದಲ್ಲಿ ಬೀಗ ತೆಗೆಯುವ ಸಾಫ್ಟ್‌ವೇರ್‌ಗಳು ಉಚಿತವಾಗಿ ಇವೆ. ಎಲ್ಲರಿಗೂ ಫಲಿಸುವುದಿಲ್ಲ, ನನಗೆ ಫಲಿಸಲಿಲ್ಲ, ಆದರೂ ನೋಡಿ.

ಸಿಟ್ಟು ಬರುವುದು ಯಾಕೆಂದರೆ ಕ್ರ್ಯಾಕಿನ ಅಗತ್ಯವೇ ಇಲ್ಲ. ಅಡಾಸಿಟಿ ಉಚಿತ. ರೀಪರ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್ 60 ದಿನ ಪೂರ್ತಿ ಬಳಸಿ ನೋಡಬಹುದು, ಮನೆಯಲ್ಲಿ ಬಳಸುವವರಿಗೆ ಲೈಸೆನ್ಸ್ 60 ಡಾಲರ್. ಆಂಪ್ ಶಬ್ದಕ್ಕೆ ನ್ಯೂರಲ್ ಆಂಪ್ ಮಾಡೆಲರ್ ಉಚಿತ. ಒಂದು ಹೈ-ಝಡ್ ಇನ್‌ಪುಟ್ ಇರುವ ಸಣ್ಣ ಇಂಟರ್‌ಫೇಸ್, ಒಂದು ಕೇಬಲ್, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್. ಎಲೆಕ್ಟ್ರಿಕ್ ಗಿಟಾರಿಗೆ ಶುರುವಿನಲ್ಲಿ ಇಷ್ಟೇ ಸಾಮಾನು. ಕಾಂಬೋಗೆ ಕೊಟ್ಟ ದುಡ್ಡಿನಲ್ಲಿ ಇದಿಷ್ಟೂ ಆಗುತ್ತಿತ್ತು.

ಬಿಲ್ಲಿನ ಬಗ್ಗೆ ಒಂದು ಮಾತು. ನನಗೆ ಬಂದ ಬಿಲ್ಲಿನಲ್ಲಿ ವಿಳಾಸ ಬೆಂಗಳೂರಿನದು. ಕರ್ನಾಟಕದ ಜಿಎಸ್‌ಟಿ ನಂಬರ್ 29ರಿಂದ ಶುರುವಾಗಬೇಕು, ಒಟ್ಟು 15 ಅಕ್ಷರ-ಅಂಕಿ ಇರಬೇಕು. ಇದರಲ್ಲಿ ಎರಡೂ ಇರಲಿಲ್ಲ. ಹಣ ಹಾಕುವ ಮೊದಲೇ ನಂಬರ್ ಕೇಳಿ, ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿದರೆ ಯಾರ ಹೆಸರಲ್ಲಿದೆ ಅಂತ ಬರುತ್ತದೆ. ಮೋಸ ಆಗಿದ್ದರೆ ಕೂಡಲೇ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ತಡವಾದಷ್ಟೂ ಹಣ ತಡೆಯುವುದು ಕಷ್ಟ. ಗ್ರಾಹಕ ಸಹಾಯವಾಣಿ 1915. ಮಾರಿದವರು ಯಾವ ಊರಲ್ಲೇ ಇರಲಿ, 2019ರ ಗ್ರಾಹಕ ಕಾಯ್ದೆಯ ಪ್ರಕಾರ ನಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ನಮಗೆ ಅದು ಕಾರವಾರ. 5 ಲಕ್ಷದವರೆಗಿನ ಖರೀದಿಗೆ ಶುಲ್ಕ ಇಲ್ಲ, ಆನ್‌ಲೈನಿನಲ್ಲೂ ಹಾಕಬಹುದು. ವಾಟ್ಸಾಪ್ ಮಾತುಕತೆ ಅಳಿಸಬೇಡಿ. ನನ್ನ ದೂರಿಗೆ ಆ 'ಫುಲ್ ಸಪೋರ್ಟ್ ಬ್ರೋ'ನೇ ಮುಖ್ಯ ಸಾಕ್ಷಿ.

ಈಗಾಗಲೇ ಇಂಥವರ ಕೈಯಲ್ಲಿ ಸೆಟಪ್ ಮಾಡಿಸಿಕೊಂಡಿದ್ದರೆ, ಏನೂ ಆಗಿಲ್ಲ ಅಂತ ಸುಮ್ನೆ ಕೂರಬೇಡಿ. ಈ ಜಾತಿಯ ವೈರಸ್ ಜೊತೆ ಪಾಸ್‌ವರ್ಡ್ ಕದಿಯುವವೂ ಬರುತ್ತವೆ. ನೆಟ್ ತೆಗೆಯಿರಿ. ಬೇಕಾದ ಕಾಗದಪತ್ರ, ಫೋಟೋ ಮಾತ್ರ ಬೇರೆ ಡ್ರೈವಿಗೆ ಹಾಕಿ, ಡ್ರೈವ್ ಹೊರಗೆ ತೆಗೆದಿಡಿ. ವಿಂಡೋಸ್ ಅಳಿಸಿ ಹೊಸದಾಗಿ ಹಾಕಿಸಿ. ಬ್ಯಾಂಕು, ಇಮೇಲ್ ಪಾಸ್‌ವರ್ಡ್‌ಗಳನ್ನು ಬದಲಿಸಿ, ಆದರೆ ಆ ಲ್ಯಾಪ್‌ಟಾಪಿನಲ್ಲಿ ಕೂತು ಅಲ್ಲ, ಮನೆಯ ಬೇರೆ ಯಾರದಾದರೂ ಮೊಬೈಲಿನಿಂದ.